ಒರೆಸುವ ಮುನ್ನ ನೆಲವನ್ನು ಗುರುತಿಸಿ: ಟೈಲ್ಸ್, ಕಲ್ಲು, ಸಿಮೆಂಟ್ ಮತ್ತು ಮರದ ನೆಲಗಳ ಆರೈಕೆ, ದುರಸ್ತಿ

ನೆಲ ಕೆಟ್ಟಿದೆ ಎಂದು ಯಾರಾದರೂ ತೋರಿಸಿದಾಗ ನಾನು ಮೊದಲು ಕೇಳುವುದು, ಇದನ್ನು ಯಾವುದರಿಂದ ಒರೆಸುತ್ತೀರಿ ಎಂದು. ಬರಿಯ ಓಡಾಟದಿಂದ ಸವೆದ ನೆಲವನ್ನು ನಾನು ಕಂಡದ್ದು ಕಡಿಮೆ. ತನಗೆ ಒಗ್ಗದ ದ್ರಾವಣದಿಂದಲೋ, ಬೇಕಾದದ್ದಕ್ಕಿಂತ ಹೆಚ್ಚು ನೀರಿನಿಂದಲೋ, ಕಾರಣ ಹುಡುಕದೆ ಹಾಕಿದ ತೇಪೆಯಿಂದಲೋ ಕೆಟ್ಟ ನೆಲಗಳೇ ಹೆಚ್ಚು. ಸೆರಾಮಿಕ್ ಟೈಲ್ಸ್‌ಗೆ ಏನೂ ಮಾಡದ ವಿನೆಗರ್ ಅಮೃತಶಿಲೆಯ ಹೊಳಪನ್ನು ಕೆಲವೇ ನಿಮಿಷಗಳಲ್ಲಿ ತಿಂದುಹಾಕುತ್ತದೆ; ಟೈಲ್ಸ್ ಲೆಕ್ಕಕ್ಕೇ ಇಡದ ನೀರು ಲ್ಯಾಮಿನೇಟ್ ಹಲಗೆಯ ಅಂಚನ್ನು ಒಂದು ರಾತ್ರಿಯಲ್ಲಿ ಉಬ್ಬಿಸಬಲ್ಲದು. ಹಾಗಾಗಿ ಬಕೆಟ್ಟಿಗಾಗಲಿ ಉಳಿಗಾಗಲಿ ಕೈ ಹಾಕುವ ಮೊದಲು ನೆಲ ಯಾವುದೆಂದು ಖಚಿತಪಡಿಸಿಕೊಳ್ಳಬೇಕು.

ನೆಲ ಯಾವುದೆಂದು ತಿಳಿಯುವುದು

ಅಮೃತಶಿಲೆಯಂತೆ ಕಾಣುವುದೆಲ್ಲ ಅಮೃತಶಿಲೆಯಲ್ಲ. ನಾಲ್ಕೈದು ತುಂಡುಗಳನ್ನು ಹೋಲಿಸಿ ನೋಡಿ. ಒಂದೇ ಗೆರೆಯ ವಿನ್ಯಾಸ ಎರಡು ಕಡೆ ತಿರುಗಿ ಬಂದಿದ್ದರೆ ಅದು ಮುದ್ರಿತ ವಿಟ್ರಿಫೈಡ್, ಅಂದರೆ ಗಾಜಿನಂತೆ ಗಟ್ಟಿಯಾಗುವವರೆಗೆ ಸುಟ್ಟ, ಟೈಲ್ಸ್. ಸಂಶಯ ಉಳಿದರೆ ಕಪಾಟಿನ ಕೆಳಗಿನಂಥ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದೇ ಒಂದು ಹನಿ ವಿನೆಗರ್ ಬಿಟ್ಟು, ಐದು ನಿಮಿಷದ ನಂತರ ಒರೆಸಿ ನೋಡಬಹುದು. ಅಮೃತಶಿಲೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆದ್ದರಿಂದ ಆಮ್ಲ ಬಿದ್ದಲ್ಲಿ ಸಣ್ಣ ಗುಳ್ಳೆಗಳು ಎದ್ದು ಮಂಕಾದ ಗುರುತು ಉಳಿಯುತ್ತದೆ. ಗ್ರಾನೈಟ್ ಮತ್ತು ಟೈಲ್ಸ್ ಮೇಲೆ ಏನೂ ಆಗುವುದಿಲ್ಲ. ಈ ಗುರುತು ಅಳಿಸಿ ಹೋಗುವಂಥದ್ದಲ್ಲ, ಆದ್ದರಿಂದ ಮೂಲೆಯನ್ನು ಯೋಚಿಸಿ ಆರಿಸಿಕೊಳ್ಳಿ.

ಮರ ಮತ್ತು ಲ್ಯಾಮಿನೇಟ್‌ಗಳ ನಡುವೆ ಗೊಂದಲವಾದರೆ ಬಾಗಿಲ ಹೊಸ್ತಿಲ ಪಟ್ಟಿಯನ್ನು ಬಿಚ್ಚಿ ಹಲಗೆಯ ಅಂಚನ್ನು ನೋಡಬೇಕು. ನಿಜವಾದ ಮರದಲ್ಲಿ ಮೇಲಿನ ನಾರಿನ ಗೆರೆ ಅಂಚಿನವರೆಗೂ ಇಳಿದಿರುತ್ತದೆ. ಎಂಜಿನಿಯರ್ಡ್ ಮರದಲ್ಲಿ ಮೇಲೊಂದು ಮರದ ಪದರ, ಅದರಡಿ ಪ್ಲೈವುಡ್‌ನಂಥ ಅಡ್ಡ ಪದರಗಳು ಕಾಣುತ್ತವೆ. ಲ್ಯಾಮಿನೇಟ್‌ನಲ್ಲಿ ಒತ್ತಿ ಮಾಡಿದ ಕಂದು ಪುಡಿಮರದ ಮೇಲೆ ಚಿತ್ರದ ತೆಳು ಹಾಳೆ ಮಾತ್ರ ಇರುತ್ತದೆ. ವಿನೈಲ್ ಉಗುರಿಗೆ ಸ್ವಲ್ಪ ಬಗ್ಗುತ್ತದೆ, ಕಾಲಿಗೆ ತಣ್ಣಗೆನಿಸುವುದಿಲ್ಲ.

ಎಲ್ಲ ನೆಲಕ್ಕೂ ಸಲ್ಲುವ ದಿನನಿತ್ಯದ ಆರೈಕೆ

ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಅಮೃತಶಿಲೆಯ ಸ್ಥಾನ ಸುಮಾರು 3. ಮರಳಿನಲ್ಲಿರುವ ಕ್ವಾರ್ಟ್ಜ್‌ನದು 7. ಚಪ್ಪಲಿಯ ಅಡಿಯಲ್ಲಿ ಒಳಗೆ ಬಂದ ಒಂದೊಂದು ಮರಳಿನ ಕಣವೂ ಅಮೃತಶಿಲೆ, ಮರದ ವಾರ್ನಿಷ್ ಮತ್ತು ವಿನೈಲ್‌ಗಳ ಪಾಲಿಗೆ ಪುಟ್ಟ ಉಳಿಯೇ ಸರಿ. ಗುಡಿಸದೆ ನೇರವಾಗಿ ಒದ್ದೆ ಮಾಪ್ ಎಳೆದರೆ ಆ ಕಣಗಳು ಬಟ್ಟೆಗೆ ಕಚ್ಚಿಕೊಂಡು ನೆಲದುದ್ದಕ್ಕೂ ಗೀರುತ್ತಾ ಹೋಗುತ್ತವೆ. ಮೊದಲು ಮೃದುವಾದ ಕಸಬರಿಗೆಯಿಂದ ಅಥವಾ ಒಣ ಮೈಕ್ರೊಫೈಬರ್ ಮಾಪ್‌ನಿಂದ ಧೂಳು ತೆಗೆಯಬೇಕು, ಆಮೇಲೆ ಒರೆಸಬೇಕು. ಬಾಗಿಲ ಹೊರಗೊಂದು ಒರಟು ಕಾಲೊರಸು, ಒಳಗೊಂದು ಮೃದುವಾದ ಕಾಲೊರಸು ಹಾಕುವುದು ಯಾವ ದುಬಾರಿ ಪಾಲಿಶ್‌ಗಿಂತಲೂ ನೆಲವನ್ನು ಹೆಚ್ಚು ಕಾಪಾಡುತ್ತದೆ.

ಒರೆಸಲು ಎರಡು ಬಕೆಟ್ ಇಟ್ಟುಕೊಳ್ಳುವುದು ಒಳ್ಳೆಯದು: ಒಂದರಲ್ಲಿ ದ್ರಾವಣ, ಇನ್ನೊಂದರಲ್ಲಿ ಮಾಪ್ ಜಾಲಿಸಲು ಬರಿಯ ನೀರು. ಪಿಎಚ್ ಮೌಲ್ಯ 7ರ ಆಸುಪಾಸಿನ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ದ್ರವ ಎಲ್ಲ ಬಗೆಯ ನೆಲಕ್ಕೂ ಒಗ್ಗುತ್ತದೆ. ಅದನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಹಾಕಿದರೆ ನೆಲ ಹೆಚ್ಚು ಶುದ್ಧವಾಗುವುದಿಲ್ಲ. ಉಳಿದ ಸಾಬೂನು ಒಣಗಿ ಜಿಗುಟು ಪದರವಾಗಿ ಇನ್ನಷ್ಟು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಒರೆಸಿದರೂ ಮಬ್ಬು ಹೋಗುತ್ತಿಲ್ಲ ಎನ್ನುವವರು ಎರಡು ದಿನ ಬರಿಯ ಬೆಚ್ಚಗಿನ ನೀರಿನಿಂದ ಒರೆಸಿ ನೋಡಬೇಕು.

ಒಂದು ಎಚ್ಚರಿಕೆಯನ್ನು ಮನೆಯವರೆಲ್ಲರೂ ತಿಳಿದಿರಬೇಕು. ಬ್ಲೀಚ್ ದ್ರಾವಣಕ್ಕೆ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಅಮೋನಿಯಾ ಬೆರೆತರೆ ಕ್ಲೋರಮೈನ್ ಅನಿಲ. ಎರಡೂ ಶ್ವಾಸಕೋಶಕ್ಕೆ ಅಪಾಯಕಾರಿ. ಒಂದರಿಂದ ತೊಳೆದ ಜಾಗವನ್ನು ಚೆನ್ನಾಗಿ ನೀರು ಹಾಕಿ ಜಾಲಿಸದೆ ಇನ್ನೊಂದನ್ನು ಸುರಿಯಬಾರದು.

ಟೈಲ್ಸ್: ತುಂಡಿಗಿಂತ ಸಂದಿಗೇ ಹೆಚ್ಚು ಗಮನ

ಸೆರಾಮಿಕ್ ಟೈಲ್‌ನ ಮೇಲ್ಮೈಯಲ್ಲಿ ಗಾಜಿನಂಥ ಲೇಪವಿರುತ್ತದೆ. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಎರಡೂ ಗಟ್ಟಿಮುಟ್ಟು. ದುರ್ಬಲವಾಗಿರುವುದು ಅವುಗಳ ನಡುವಿನ ಸಂದು, ಅಂದರೆ ಸಿಮೆಂಟ್ ಗ್ರೌಟ್. ಬಚ್ಚಲ ಕಲೆ ತೆಗೆಯುವ ಆಸಿಡ್ ಟೈಲ್ಸ್ ಅನ್ನು ಬೆಳ್ಳಗಾಗಿಸುವಾಗಲೇ ಗ್ರೌಟ್‌ನ ಸಿಮೆಂಟನ್ನು ಕರಗಿಸುತ್ತದೆ. ಕೆಲವು ತಿಂಗಳು ಹೀಗೆ ತೊಳೆದರೆ ಸಂದು ತಗ್ಗಾಗಿ ಮರಳು ಮರಳಾಗಿ ಉದುರತೊಡಗುತ್ತದೆ, ಅಲ್ಲಿಂದ ನೀರು ಟೈಲ್‌ನ ಅಡಿಗೆ ಇಳಿಯುತ್ತದೆ. ಕಪ್ಪಾದ ಸಂದಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವುದು ನಿಧಾನದ ದಾರಿಯಾದರೂ ಸಂದಿಗೆ ಹಾನಿ ಮಾಡುವುದಿಲ್ಲ.

ಗ್ರೌಟ್ ಉದುರಿದ್ದರೆ ಅದರ ಮೇಲೆಯೇ ಹೊಸದನ್ನು ಬಳಿಯಬೇಡಿ; ತೆಳು ಪದರ ಕೆಲವೇ ವಾರಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಗ್ರೌಟ್ ಕೆರೆಯುವ ಗರಗಸದಿಂದ ಹಳೆಯದನ್ನು ಟೈಲ್ ದಪ್ಪದ ಅರ್ಧದಷ್ಟಾದರೂ ಆಳಕ್ಕೆ, ಸಾಧ್ಯವಾದರೆ ಮೂರನೆಯ ಎರಡು ಭಾಗದಷ್ಟು ಕೆರೆದು ತೆಗೆಯಿರಿ. ಧೂಳನ್ನು ಪೂರ್ತಿ ಎಳೆದುಕೊಂಡು ಸಂದಿಯನ್ನು ಸ್ವಲ್ಪವೇ ತೇವ ಮಾಡಿ. ಸಂದು 3 ಮಿ.ಮೀ.ಗಿಂತ ಕಿರಿದಾಗಿದ್ದರೆ ಮರಳಿಲ್ಲದ ಗ್ರೌಟ್, ಅದಕ್ಕಿಂತ ಅಗಲವಾಗಿದ್ದರೆ ಮರಳು ಬೆರೆತ ಗ್ರೌಟ್ ಆಯ್ದುಕೊಳ್ಳಿ. ಪುಡಿಯನ್ನು ಗಟ್ಟಿ ಪೇಸ್ಟಿನ ಹದಕ್ಕೆ ಕಲಸಿ ಐದರಿಂದ ಹತ್ತು ನಿಮಿಷ ಬಿಟ್ಟು, ಮತ್ತೆ ನೀರು ಸೇರಿಸದೆ ಇನ್ನೊಮ್ಮೆ ಕಲಸಿ. ರಬ್ಬರ್ ಹಲಗೆಯಿಂದ ಸಂದಿಗೆ ಓರೆಯಾಗಿ ಒತ್ತಿ ತುಂಬಬೇಕು. ಸಂದಿಯ ನೇರಕ್ಕೇ ಎಳೆದರೆ ಹಲಗೆಯ ಅಂಚು ಒಳಗಿಳಿದು ತುಂಬಿದ್ದನ್ನೇ ಕಿತ್ತು ತರುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಗ್ರೌಟ್ ಬಿಗಿಯತೊಡಗಿದಾಗ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಮೇಲ್ಮೈ ಒರೆಸಿ. ಇಲ್ಲಿ ಸ್ಪಂಜು ತೊಟ್ಟಿಕ್ಕುತ್ತಿದ್ದರೆ ಬಣ್ಣ ತೊಳೆದುಹೋಗಿ ಸಂದು ಒಂದೊಂದು ಕಡೆ ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ಗ್ರೌಟ್ ಕೆಲಸ ಕೆಡುವುದು ಹೆಚ್ಚಾಗಿ ಈ ಒಂದು ಹಂತದಲ್ಲಿ. ಒಂದು ದಿನ ಯಾರೂ ತುಳಿಯದಂತೆ, ಮೂರು ದಿನ ನೀರು ಸುರಿಯದಂತೆ ನೋಡಿಕೊಳ್ಳಿ. ಗೋಡೆ ಮತ್ತು ನೆಲ ಕೂಡುವ ಮೂಲೆಗೆ ಮಾತ್ರ ಗ್ರೌಟ್ ಬೇಡ. ಅವೆರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಅಲ್ಲಿ ಬಗ್ಗುವ ಸಿಲಿಕೋನ್ ಸೀಲೆಂಟ್ ಬೇಕು.

ಒಡೆದ ಟೈಲ್ ಬದಲಿಸುವುದು ತಾಳ್ಮೆಯ ಕೆಲಸ. ಅಡಿಯಲ್ಲಿ ನೀರಿನ ಕೊಳವೆಯೋ ವಿದ್ಯುತ್ ತಂತಿಯೋ ಹಾದುಹೋಗಿದೆಯೇ ಎಂದು ಮೊದಲು ತಿಳಿದುಕೊಳ್ಳಿ; ಕಣ್ಣಿಗೆ ಕನ್ನಡಕ, ಮೂಗಿಗೆ ಧೂಳು ತಡೆಯುವ ಮಾಸ್ಕ್, ಕೈಗೆ ಗವಸು ಇರಲಿ. ನಾಲ್ಕೂ ಬದಿಯ ಗ್ರೌಟನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಸುತ್ತಿಗೆ ಎತ್ತಬೇಕು, ಇಲ್ಲವಾದರೆ ಪೆಟ್ಟಿನ ಅದುರು ಗ್ರೌಟ್ ಮೂಲಕ ಪಕ್ಕದ ಟೈಲ್‌ಗೆ ದಾಟಿ ಒಂದರ ಜಾಗದಲ್ಲಿ ಎರಡು ಒಡೆಯುತ್ತವೆ. ಟೈಲ್‌ನ ನಡುವೆ ಡ್ರಿಲ್‌ನಿಂದ ನಾಲ್ಕಾರು ತೂತು ಕೊರೆದು, ಅಲ್ಲಿಂದ ಉಳಿಯನ್ನು ಓರೆಯಾಗಿ ಹಿಡಿದು, ನಡುವಿನಿಂದ ಅಂಚಿನ ಕಡೆಗೆ ಸಣ್ಣ ಸಣ್ಣ ಚೂರುಗಳಾಗಿ ಎಬ್ಬಿಸಿ.

ಒಮ್ಮೆ ನಾನು ಹೀಗೆ ಬಿರುಕುಬಿಟ್ಟ ಟೈಲ್ ಎತ್ತಿದಾಗ ಅದರಡಿ ಕಂಡದ್ದು ಐದೇ ಐದು ಗಾರೆಯ ಮುದ್ದೆಗಳು, ನಾಲ್ಕು ಮೂಲೆಗೆ ನಾಲ್ಕು ಮತ್ತು ನಡುವೆ ಒಂದು. ಉಳಿದದ್ದೆಲ್ಲ ಪೊಳ್ಳು. ಕುರ್ಚಿಯ ಕಾಲು ಆ ಪೊಳ್ಳಿನ ಮೇಲೆ ಬಿದ್ದಾಗಲೆಲ್ಲ ಟೈಲ್ ಒಂದಿಷ್ಟು ಬಗ್ಗಿ, ಕೊನೆಗೊಂದು ದಿನ ಮುದ್ದೆಯಿಂದ ಮುದ್ದೆಗೆ ನೇರವಾಗಿ ಸೀಳಿತ್ತು. ಹೊಸ ಟೈಲ್ ಕೂರಿಸುವಾಗ ಆ ತಪ್ಪು ಮರುಕಳಿಸಬಾರದು. ಹಳೆಯ ಅಂಟನ್ನು ಕೆರೆದು, ಟೈಲ್ ದಪ್ಪದ ಜೊತೆ ಅಂಟಿಗೆ 3ರಿಂದ 6 ಮಿ.ಮೀ. ಜಾಗ ಸಿಗುವಂತೆ ತಳ ಸಮಮಾಡಿ, ಮೊದಲು ಅಂಟಿಲ್ಲದೆ ಇಟ್ಟು ನೋಡಿ. ಅಂಟನ್ನು ಹಲ್ಲುಕರಣೆಯಿಂದ ಒಂದೇ ದಿಕ್ಕಿಗೆ ಗೆರೆಗೆರೆಯಾಗಿ ಎಳೆಯಿರಿ, ಟೈಲ್‌ನ ಬೆನ್ನಿಗೂ ತೆಳುವಾಗಿ ಸವರಿ. ಗೆರೆಗಳಿಗೆ ಅಡ್ಡಲಾಗಿ ತುಸು ಸರಿಸುತ್ತ ಒತ್ತಿದರೆ ಗೆರೆಗಳು ಮಡಚಿ ನಡುವಿನ ಗಾಳಿ ಹೊರಹೋಗುತ್ತದೆ. ಅಕ್ಕಪಕ್ಕದ ಟೈಲ್‌ಗಳ ಮೇಲೆ ನೇರವಾದ ಪಟ್ಟಿ ಇಟ್ಟು ಮಟ್ಟ ನೋಡಿ, ಒಂದು ದಿನ ಬಿಟ್ಟು ಗ್ರೌಟ್ ತುಂಬಿ.

ನಾಣ್ಯದಿಂದ ತಟ್ಟಿದಾಗ ಪೊಳ್ಳು ಸದ್ದು ಬರುವ ಟೈಲ್‌ಗಳನ್ನೆಲ್ಲ ಕೀಳಬೇಕೆಂದೇನೂ ಇಲ್ಲ. ಬಿರುಕಿಲ್ಲದೆ, ಅಲುಗಾಡದೆ, ಸುತ್ತಲ ಗ್ರೌಟ್ ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಬಿಡಿ. ಅಲುಗಾಡುತ್ತಿದ್ದರೆ ಸಂದಿಯಲ್ಲಿ ಸಣ್ಣ ತೂತು ಕೊರೆದು ತೆಳುವಾದ ಎಪಾಕ್ಸಿಯನ್ನು, ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟನ್ನು, ಸಿರಿಂಜಿನಿಂದ ಇಳಿಸಿ, ಮೇಲೆ ಭಾರ ಹೇರಿ ಒಂದು ದಿನ ಬಿಡಬಹುದು. ಆದರೆ ಟೈಲ್‌ಗಳು ಸಾಲಾಗಿ ಗುಡಾರದಂತೆ ಮೇಲೆದ್ದು ನಿಂತಿದ್ದರೆ ವಿಷಯವೇ ಬೇರೆ. ನೆಲ ಹಿಗ್ಗಿದಾಗ ಸರಿಯಲು ಗೋಡೆಯ ಬುಡದಲ್ಲಿ ಜಾಗವಿಲ್ಲದಿದ್ದರೆ ಹೀಗಾಗುತ್ತದೆ. ಎದ್ದದ್ದನ್ನು ಅಲ್ಲಿಯೇ ಮತ್ತೆ ಅಂಟಿಸಿದರೆ ಮತ್ತೆ ಏಳುತ್ತದೆ. ಗೋಡೆಯ ಬುಡದ ಪಟ್ಟಿಯಾದ ಸ್ಕರ್ಟಿಂಗ್ ಅಡಿಯಲ್ಲಿ ಸುತ್ತಲೂ ಸುಮಾರು 6ರಿಂದ 10 ಮಿ.ಮೀ. ತೆರವು ಮಾಡಿಕೊಂಡ ಮೇಲೆಯೇ ಕೂರಿಸಬೇಕು.

ಅಮೃತಶಿಲೆ, ಗ್ರಾನೈಟ್, ಮೊಸಾಯಿಕ್

ಅಮೃತಶಿಲೆಯ ಮೇಲಿನ ಗುರುತುಗಳಲ್ಲಿ ಎರಡು ಬಗೆ. ಸುತ್ತಲಿನ ಕಲ್ಲಿಗಿಂತ ಗಾಢವಾಗಿದ್ದರೆ ಅದು ಕಲೆ. ಬಣ್ಣ ರಂಧ್ರಗಳ ಒಳಗೆ ಇಳಿದಿದೆ. ಸುತ್ತಲಿಗಿಂತ ಮಂಕಾಗಿ, ಬೆಳಕಿಗೆ ಓರೆಯಾಗಿ ನೋಡಿದಾಗ ಮಾತ್ರ ಕಾಣುವಂತಿದ್ದರೆ ಅಲ್ಲಿ ಆಮ್ಲ ಕಲ್ಲನ್ನೇ ಕರಗಿಸಿದೆ. ಮೊದಲನೆಯದನ್ನು ಹೀರಿ ತೆಗೆಯಬಹುದು. ಎರಡನೆಯದಕ್ಕೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಏಕೆಂದರೆ ತೆಗೆಯಲು ಅಲ್ಲಿ ಏನೂ ಇಲ್ಲ. ಅಮೃತಶಿಲೆಗೆಂದೇ ದೊರೆಯುವ ಪಾಲಿಶ್ ಪುಡಿಯನ್ನು ತೇವದ ಬಟ್ಟೆಯಲ್ಲಿ ತೆಗೆದುಕೊಂಡು ಉಜ್ಜಿ ಹೊಳಪು ಮರಳಿಸಬೇಕು. ಗುರುತು ಉಗುರಿಗೆ ತಗಲುವಷ್ಟು ಆಳವಾಗಿದ್ದರೆ ವಜ್ರದ ಪ್ಯಾಡ್‌ಗಳಿಂದ ಹಂತ ಹಂತವಾಗಿ ಅರೆಯುವ ಕೆಲಸವನ್ನು ಅನುಭವಿಗಳಿಗೆ ಬಿಡುವುದೇ ಮೇಲು.

ಕಲೆ ಹೀರುವ ಲೇಪ ಮಾಡುವುದು ಹೀಗೆ. ಎಣ್ಣೆಯ ಕಲೆಯಾದರೆ ಅಡುಗೆ ಸೋಡಾವನ್ನು ಅಸಿಟೋನ್‌ನಲ್ಲಿ ಕಲಸಿ. ಅದು ಸುಲಭವಾಗಿ ಹೊತ್ತಿಕೊಳ್ಳುವಂಥದ್ದಾದ್ದರಿಂದ ಕಿಟಕಿ ತೆರೆದಿರಲಿ, ಬೆಂಕಿ ದೂರವಿರಲಿ. ಚಹಾ, ಹೂವು, ಎಲೆಯಂಥ ಸಸ್ಯಮೂಲದ ಕಲೆಯಾದರೆ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಿ. ಇದು ತಿಳಿ ಬಣ್ಣದ ಕಲ್ಲಿಗೆ ಮಾತ್ರ, ಗಾಢ ಕಲ್ಲಿನ ಬಣ್ಣವನ್ನೇ ಇದು ಇಳಿಸಬಹುದು. ಲೇಪವನ್ನು ಕಲೆಯ ಅಂಚಿನಾಚೆಗೂ ಹರಡಿ ಸುಮಾರು 6 ಮಿ.ಮೀ. ದಪ್ಪಕ್ಕೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳಿಗೆ ಟೇಪ್ ಅಂಟಿಸಿ. 24ರಿಂದ 48 ಗಂಟೆಗಳ ನಂತರ ಹಾಳೆ ತೆಗೆದು ಲೇಪ ಪೂರ್ತಿ ಒಣಗಲು ಬಿಡಿ. ಕಲೆ ಮೇಲೇರಿ ಬರುವುದು ಈ ಒಣಗುವ ಹೊತ್ತಿನಲ್ಲೇ, ಆದ್ದರಿಂದ ಅವಸರದಲ್ಲಿ ಹಸಿಯಾಗಿರುವಾಗಲೇ ತೊಳೆದುಬಿಟ್ಟರೆ ಎರಡು ದಿನದ ಶ್ರಮ ವ್ಯರ್ಥ. ಒಣಗಿದ ಪುಡಿಯನ್ನು ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಹಳೆಯ ಕಲೆಗೆ ಮೂರು ನಾಲ್ಕು ಸಲ ಹಚ್ಚಬೇಕಾಗಬಹುದು. ತುಕ್ಕಿನ ಕಲೆಗೆ ಸಿಗುವ ದ್ರವಗಳಲ್ಲಿ ಹೆಚ್ಚಿನವು ಆಮ್ಲಗಳೇ. ಅಮೃತಶಿಲೆಗೆ ಬಳಸಬಹುದೆಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿಲ್ಲವಾದರೆ ಮುಟ್ಟಬೇಡಿ. ಬಿಳಿ ಅಮೃತಶಿಲೆ ಅಗಲವಾಗಿ ಹಳದಿಗೆ ತಿರುಗುತ್ತಿದ್ದರೆ ಕಲ್ಲಿನೊಳಗಿನ ಕಬ್ಬಿಣದ ಅಂಶ ತೇವಕ್ಕೆ ತುಕ್ಕು ಹಿಡಿಯುತ್ತಿರುವ ಸಾಧ್ಯತೆಯಿದೆ. ಆಗ ಹುಡುಕಬೇಕಾದದ್ದು ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು.

ಗ್ರಾನೈಟ್ ಇಷ್ಟು ಕಾಡುವುದಿಲ್ಲ. ಒಂದು ಚಮಚ ನೀರು ಸುರಿದು ಹದಿನೈದು ನಿಮಿಷ ಬಿಡಿ. ಕೆಳಗಿನ ಕಲ್ಲು ಗಾಢವಾಗಿದ್ದರೆ ಒಳಗಿಳಿದು ರಂಧ್ರ ಮುಚ್ಚುವ ಬಗೆಯ ಸೀಲರ್ ಹಚ್ಚಬೇಕು, ಇಲ್ಲವಾದರೆ ಬೇಕಿಲ್ಲ. ಮೊಸಾಯಿಕ್ ನೆಲ ಅಮೃತಶಿಲೆಯ ಚೂರು ಮತ್ತು ಸಿಮೆಂಟ್ ಸೇರಿ ಆದದ್ದು, ಎರಡಕ್ಕೂ ಆಮ್ಲ ಆಗದು. ಅದರ ಮಂಕಾದ ಮೇಲ್ಮೈಯನ್ನು ಯಂತ್ರದಿಂದ ಅರೆಸುವುದಾದರೆ ನೀರು ಹಾಕಿಯೇ ಅರೆಯಬೇಕೆಂದು ಪಟ್ಟುಹಿಡಿಯಿರಿ, ಏಕೆಂದರೆ ಒಣದಾಗಿ ಅರೆದಾಗ ಏಳುವ ಸಿಮೆಂಟ್ ಧೂಳಿನಲ್ಲಿ ಶ್ವಾಸಕೋಶವನ್ನು ಕೆಡಿಸುವ ಸಿಲಿಕಾ ಇರುತ್ತದೆ.

ಸಿಮೆಂಟ್ ನೆಲ

ಬಿರುಕು ಕಂಡ ಕೂಡಲೇ ತುಂಬಬೇಡಿ. ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದು ಒಂದೆರಡು ತಿಂಗಳು ಗಮನಿಸಿ. ಬಿರುಕು ಗೆರೆ ದಾಟಿ ಬೆಳೆದರೆ, ಅಥವಾ ಅದರ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ ತಳವೇ ಕುಸಿಯುತ್ತಿರಬಹುದು; ಎಂಜಿನಿಯರ್ ಒಬ್ಬರಿಗೆ ತೋರಿಸಬೇಕು. ಬೆಳೆಯದ ಕೂದಲೆಳೆಯ ಬಿರುಕಿಗೆ ತೆಳು ಎಪಾಕ್ಸಿ ಸಾಕು. ಅಗಲವಾದದ್ದನ್ನು ಉಳಿಯಿಂದ ಸುಮಾರು 1 ಸೆಂ.ಮೀ. ಅಗಲ ಮತ್ತು ಅಷ್ಟೇ ಆಳಕ್ಕೆ, ಬಾಯಿಗಿಂತ ತಳ ಕಿರಿದಾಗದಂತೆ ಬಿಡಿಸಿ, ಧೂಳು ತೆಗೆದು, ತೇವ ಮಾಡಿ, ಪಾಲಿಮರ್ ಬೆರೆತ ಗಾರೆಯಿಂದ ತುಂಬಿ, ಒದ್ದೆ ಗೋಣಿ ಹೊದಿಸಿ ಏಳು ದಿನ ಕ್ಯೂರಿಂಗ್ ಮಾಡಿ. ಬಣ್ಣದ ಸಿಮೆಂಟ್ ನೆಲವಾದರೆ ಆಕ್ಸೈಡ್ ಪುಡಿ ಸೇರಿಸಿದ ಗಾರೆಯನ್ನು ಮೊದಲು ರಟ್ಟಿನ ಮೇಲೆ ಹಚ್ಚಿ ಒಣಗಿಸಿ ಬಣ್ಣ ಹೋಲಿಸಿ. ಹಸಿಯಾಗಿರುವಾಗ ಕಾಣುವ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ.

ನೆಲದ ಮೇಲೆ ಬಿಳಿ ಪುಡಿ ಏಳುವುದು ಅಡಿಯಿಂದ ತೇವ ಹೊತ್ತು ತರುವ ಲವಣ. ಅದನ್ನು ಒಣ ಬ್ರಷ್‌ನಿಂದ ಗುಡಿಸಿ. ನೀರು ಹಾಕಿದರೆ ಕರಗಿ ಮತ್ತೆ ಒಳಗಿಳಿಯುತ್ತದೆ. ತೇವ ನಿಜವಾಗಿಯೂ ಕೆಳಗಿನಿಂದಲೇ ಬರುತ್ತಿದೆಯೇ ಎಂದು ತಿಳಿಯಲು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದ್ದರೆ, ಅಥವಾ ಸಿಮೆಂಟ್ ಕಪ್ಪಾಗಿದ್ದರೆ ಅದರ ಮೇಲೆ ಮರ, ಲ್ಯಾಮಿನೇಟ್, ವಿನೈಲ್ ಯಾವುದನ್ನೂ ಹಾಸುವ ಸಮಯವಲ್ಲ.

ಮರ, ಲ್ಯಾಮಿನೇಟ್, ವಿನೈಲ್

ಮರ ನೆಲವಾದ ಮೇಲೂ ಗಾಳಿಯ ತೇವಕ್ಕೆ ಅಗಲವಾಗುತ್ತದೆ, ಒಣ ಹವೆಗೆ ಕಿರಿದಾಗುತ್ತದೆ. ಒಣ ಋತುವಿನಲ್ಲಿ ಹಲಗೆಗಳ ನಡುವೆ ಕಾಣುವ ಸಂದಿಗೆ ಗಟ್ಟಿ ಪುಟ್ಟಿ ತುಂಬಿದರೆ ತೇವದ ಋತುವಿನಲ್ಲಿ ಹಿಗ್ಗಲು ಎಡೆಯಿಲ್ಲದೆ ಹಲಗೆ ಕಮಾನಿನಂತೆ ಏಳಬಹುದು. ಅಂಥ ಸಂದಿಗಳನ್ನು ಒಂದು ವರ್ಷ ನೋಡಿ. ತಾವಾಗಿ ಮುಚ್ಚಿಕೊಂಡರೆ ಅವು ದೋಷವಲ್ಲ. ಒರೆಸುವ ಬಟ್ಟೆ ಹಿಂಡಿ ಹಿಂಡಿ ಒಣಗಿದಂತೆಯೇ ಇರಬೇಕು, ಉಗಿ ಮಾಪ್ ಮರಕ್ಕೂ ಲ್ಯಾಮಿನೇಟ್‌ಗೂ ಬೇಡವೇ ಬೇಡ.

ಮೇಲಿನ ಲೇಪ ಉಳಿದಿದೆಯೇ ಎಂದು ತಿಳಿಯಲು ಹೆಚ್ಚು ಓಡಾಡುವ ಜಾಗದಲ್ಲಿ ನಾಲ್ಕು ಹನಿ ನೀರು ಬಿಡಿ. ಹನಿಗಳು ಮುತ್ತಿನಂತೆ ನಿಂತರೆ ಲೇಪ ಚೆನ್ನಾಗಿದೆ. ಕೆಲವು ನಿಮಿಷಗಳಲ್ಲಿ ಹರಡಿ ಮರ ಕಪ್ಪಾದರೆ ಲೇಪ ಸವೆದಿದೆ. ತಡಮಾಡಿದಷ್ಟೂ ಕೊಳೆ ನಾರಿನೊಳಗೆ ಇಳಿಯುತ್ತದೆ. ಮರ ಇನ್ನೂ ಕಪ್ಪಾಗಿಲ್ಲದಿದ್ದರೆ ಹಳೆಯ ಲೇಪವನ್ನು ನಯವಾದ ಉಪ್ಪು ಕಾಗದದಿಂದ ಮಂಕುಮಾಡಿ ಮೇಲೊಂದು ಕೋಟ್ ಹಚ್ಚಿದರೆ ಸಾಕಾಗಬಹುದು. ಕಪ್ಪಾಗಿದ್ದರೆ ಪೂರ್ತಿ ತೀಡಬೇಕು: ಮೊದಲು 60, ನಂತರ 80 ಅಥವಾ 100, ಕೊನೆಗೆ 120ನೇ ನಂಬರಿನ ಕಾಗದದಿಂದ, ನಾರಿನ ಉದ್ದಕ್ಕೇ. ನಡುವೆ ಒಂದು ನಂಬರ್ ಬಿಟ್ಟು ಹಾರಿದರೆ ಒರಟು ಕಾಗದದ ಗೀರುಗಳು ಉಳಿದು ವಾರ್ನಿಷ್ ಬಿದ್ದ ಮೇಲೆ ಎದ್ದು ಕಾಣುತ್ತವೆ. ಎಂಜಿನಿಯರ್ಡ್ ಮರದ ಮೇಲ್ಪದರ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಯಂತ್ರದಿಂದ ತೀಡುವ ಸಾಹಸ ಬೇಡ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಿಂದ ಮೆರುಗು ಕೊಟ್ಟಿದ್ದರೆ ಅದನ್ನು ಹಚ್ಚಿದ ಬಟ್ಟೆಯ ಚಿಂದಿಗಳನ್ನು ಮುದ್ದೆಮಾಡಿ ಎಸೆಯಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಮನೆಯ ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಬೇಕು.

ಲ್ಯಾಮಿನೇಟ್ ಅನ್ನು ತೀಡಲಾಗುವುದಿಲ್ಲ. ಚಿತ್ರದ ಹಾಳೆ ಹೋದರೆ ಪುಡಿಮರ ಹೊರಬೀಳುತ್ತದೆ. ಸಣ್ಣ ಗೀರಿಗೆ ಅದೇ ಬಣ್ಣದ ಮೇಣದ ಕಡ್ಡಿಯನ್ನು ತುಂಬಿ, ಹೆಚ್ಚಾದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಸಮಮಾಡಿ. ಉಬ್ಬಿದ ಅಂಚು ಒಣಗಿದರೂ ಮೊದಲಿನಂತಾಗುವುದಿಲ್ಲ, ಹಲಗೆಯನ್ನೇ ಬದಲಿಸಬೇಕು. ಗೋಡೆಯ ಬದಿಯಿಂದ ಸ್ಕರ್ಟಿಂಗ್ ಬಿಚ್ಚಿ, ಹಲಗೆಗಳನ್ನು ಒಂದೊಂದಾಗಿ ಕಳಚಿ ಹಿಂದೆ ನಂಬರ್ ಬರೆದಿಡುತ್ತ ಬಂದರೆ ಮತ್ತೆ ಜೋಡಿಸುವುದು ಕಷ್ಟವಲ್ಲ. ಗೋಡೆಯ ಬಳಿ 8ರಿಂದ 10 ಮಿ.ಮೀ. ತೆರವು ಉಳಿಸಲು ಮರೆಯಬೇಡಿ.

ವಿನೈಲ್‌ಗೆ ಶತ್ರು ರಬ್ಬರ್. ರಬ್ಬರ್ ತಳದ ಕಾಲೊರಸನ್ನು ಬಹಳ ಕಾಲ ಅದರ ಮೇಲೆ ಬಿಟ್ಟರೆ ರಬ್ಬರಿನ ರಾಸಾಯನಿಕ ಇಳಿದು ಹೋಗದ ಹಳದಿ ಕಲೆಯಾಗುತ್ತದೆ. ಹರಿದ ವಿನೈಲ್ ಹಾಳೆಗೆ ತೇಪೆ ಹಾಕುವಾಗ ಹೊಸ ತುಂಡನ್ನು ವಿನ್ಯಾಸ ಹೊಂದುವಂತೆ ಹರಿದ ಜಾಗದ ಮೇಲಿಟ್ಟು ಟೇಪ್ ಹಾಕಿ, ಲೋಹದ ಅಳತೆಪಟ್ಟಿ ಹಿಡಿದು ಚೂಪಾದ ಕತ್ತಿಯಿಂದ ಎರಡೂ ಪದರಗಳನ್ನು ಒಟ್ಟಿಗೆ ಕತ್ತರಿಸಿ. ಹಳೆಯದು ಬಿಟ್ಟ ಜಾಗಕ್ಕೆ ಹೊಸದು ಕೂದಲೆಳೆ ಅಂತರವಿಲ್ಲದೆ ಕೂರುತ್ತದೆ. ಆದರೆ ನೆಲ 1980ರ ದಶಕಕ್ಕೂ ಹಿಂದಿನದಾಗಿದ್ದರೆ ಕತ್ತಿ ಹಚ್ಚುವ ಮೊದಲೇ ನಿಲ್ಲಿ. ಆ ಕಾಲದ ವಿನೈಲ್ ಟೈಲ್‌ಗಳಲ್ಲೂ ಅವುಗಳ ಕಪ್ಪು ಅಂಟಿನಲ್ಲೂ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸುತ್ತಿದ್ದುದುಂಟು. ಕದಲದೆ ಇರುವವರೆಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ. ಒಡೆದಾಗ, ತೀಡಿದಾಗ, ಕೆರೆದಾಗ ಅದರ ಎಳೆಗಳು ಗಾಳಿಗೆ ಸೇರುತ್ತವೆ, ಮತ್ತು ಅವು ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತವೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದು ಇಲ್ಲವೆಂದು ತಿಳಿಯುವವರೆಗೆ ಅಂಥ ನೆಲವನ್ನು ಕೀಳಬೇಡಿ. ಬದಲಾಯಿಸಲೇಬೇಕೆನಿಸಿದರೆ ಅದನ್ನು ಇದ್ದಂತೆಯೇ ಬಿಟ್ಟು ಮೇಲೆ ಹೊಸ ನೆಲಹಾಸು ಹಾಸುವುದು ಸುರಕ್ಷಿತ ದಾರಿ.